ಕುಮಟಾದ ದಂಡಿ, ನಮ್ಮ ಹೋಟಗಿ ಜಂಕ್ಷನ್

ಸಮುದ್ರ ನೋಡಬೇಕು ಅಂತ ನನ್ನ ಹೆಂಡತಿ ಮೂವತ್ತು ವರ್ಷದಿಂದ ಅನ್ನುತ್ತಿದ್ದಳು. ಪ್ರತಿ ಸಲ ಏನಾದರೂ ಒಂದು ಅಡ್ಡ ಬರುತ್ತಿತ್ತು. ಒಂದು ವರ್ಷ ಮಳಿ ಇಲ್ಲ, ಒಂದು ವರ್ಷ ಮಗಳ ಮದುವಿ, ಒಂದು ವರ್ಷ ತೊಗರಿಗೆ ರೇಟಿಲ್ಲ. ಕಡೆಗೆ ಒಂದು ಸಲ ಜೋಳದ ರಾಶಿ ಮುಗಿದ ಮೇಲೆ ಮಗ ತಾನೇ ಟಿಕೀಟು ತೆಗೆಸಿದ. ನಾವಿಬ್ಬರು, ಮಗ, ಸೊಸಿ, ಇಬ್ಬರು ಮೊಮ್ಮಕ್ಕಳು. ಹುಬ್ಬಳ್ಳಿ ಗಾಡಿ ಹಿಡಿದು ಹೋಗಿ, ಅಲ್ಲಿಂದ ಬಸ್ಸಿನಾಗ ಗೋಕರ್ಣಕ್ಕೆ ಇಳಿದೆವು.

ಮಹಾಬಲೇಶ್ವರನ ದರ್ಶನ ಚಲೋ ಆಯಿತು. ಆದರೆ ದಂಡಿಗೆ ಹೋದರೆ ಶಿವರಾತ್ರಿ ಗದ್ದಲ ಇನ್ನೂ ಇಳಿದಿರಲಿಲ್ಲ. ಎಲ್ಲಿ ನೋಡಿದರೂ ಮಂದಿ, ಬೋಟಿನ ಸಪ್ಪಳ, ಫೋಟೋ ತೆಗೆಯುವವರು. ಓಂ ಬೀಚಿಗೆ ಮೆಟ್ಟಲು ಇಳಿಯಬೇಕು, ಇವಳ ಮೊಣಕಾಲು ಕೇಳಲಿಲ್ಲ. ಊರ ಮುಂದಿನ ದಂಡಿಯಲ್ಲಿ ನಿಂತಾಗ ನೀರಿಗೆ ಕಾಲೇ ಇಡಲಿಲ್ಲ. "ಇಷ್ಟು ಮಂದ್ಯಾಗ ನಾ ಹ್ಯಾಂಗ ಸೀರಿ ಎತ್ತಿ ನೀರಾಗ ನಿಂದರ್ಲಿ? ನೋಡೀನಲ್ಲ, ಸಾಕ, ನಡೀರಿ ಊರಿಗೆ" ಅಂದಳು. ಮೂವತ್ತು ವರ್ಷ ಕಾದು ಹಂಗೇ ತಿರುಗಿ ಹೋಗೋದು ನನಗೆ ಸಮ ಅನ್ನಿಸಲಿಲ್ಲ. ಚಹಾದಂಗಡಿಯವನನ್ನು ಕೇಳಿದೆ. ಸುಮಾರು 30 ಕಿಲೋಮೀಟರ್ ಆಚೆಗೆ ಕುಮಟಾ, ಅಲ್ಲಿ ವನ್ನಳ್ಳಿ ಅಂತ ದಂಡಿ ಇದೆ, ಮನೆಮಂದಿ ಕರಕೊಂಡು ಹೋಗಲಿಕ್ಕೆ ಅದೇ ಒಳ್ಳೆಯದು ಅಂದ.

ಮರುದಿನ ಬಸ್ಸಿಗೆ ಕುಮಟಾಕ್ಕೆ ಹೋಗಿ ಅಲ್ಲಿಂದ ಆಟೋ ಮಾಡಿಕೊಂಡೆವು. ಉದ್ದಕ್ಕೂ ಮಳಲು, ಅಲ್ಲಲ್ಲಿ ಬೋರಲು ಹಾಕಿದ ದೋಣಿ, ಬಲೆ ಹೆಣೆಯುವ ನಾಲ್ಕು ಮಂದಿ. ಬಂದವರೂ ನಮ್ಮಂಗ ಮಕ್ಕಳು ಮರಿ ಕಟ್ಟಿಕೊಂಡು ಬಂದವರೇ. ಹೆಂಡತಿ ಚಪ್ಪಲಿ ಬಿಟ್ಟು ಸೀದಾ ನಡೆದಳು. ಹಿಮ್ಮಡಿಯಷ್ಟು ನೀರಾಗ ಅರ್ಧ ತಾಸು ನಿಂತಳು. ತೀರ್ಥ ತೊಗೊಂಡಂಗ ಬೊಗಸೆಯಲ್ಲಿ ತೊಗೊಂಡು ತಲೆಗೆ ಹಚ್ಚಿಕೊಂಡಳು, ನಾಲಗೆಗೆ ಹಚ್ಚಿ "ಅಯ್ಯ, ಖರೇನ ಉಪ್ಪದ" ಅಂತ ನಕ್ಕಳು. ನಾ ಅವಳನ್ನು ಹಂಗ ನಕ್ಕಿದ್ದು ನೋಡಿ ಭಾಳ ದಿವಸ ಆಗಿತ್ತು.

ನಾನು ಬಲೆ ಹೆಣೆಯುವ ಒಬ್ಬ ಮುದುಕರ ಬಾಜೂಕ ಕೂತೆ. "ಘಟ್ಟದ ಮೇಲಿನವರಾ?" ಅಂದರು. ಸೊಲ್ಲಾಪುರ ಕಡೆ, ಹೋಟಗಿ ಅಂದೆ. "ಮೇಲಿನ ಹತ್ತಿ ಎಲ್ಲ ಒಂದು ಕಾಲಕ್ಕೆ ಇಲ್ಲಿಗೇ ಇಳೀತಿತ್ತು. ಆಮೇಲೆ ರೈಲು ಬಂತು, ನಿಂತು ಹೋಯ್ತು" ಅಂತ ಬಂದರದ ದಿಕ್ಕಿಗೆ ಕೈ ಮಾಡಿದರು. ಅಷ್ಟೇ ಮಾತು. ಅದು ನನ್ನ ತಲ್ಯಾಗ ಕೂತಿತು. ಊರಿಗೆ ಬಂದು ಓದಿದೆ, ತಿಳಿದವರನ್ನ ಕೇಳಿದೆ. ಅದರ ಸಲುವಾಗಿಯೇ ಇದನ್ನ ಬರೀಲಿಕ್ಕೆ ಕೂತದ್ದು.

ಸುಮಾರು 150 ವರ್ಷದ ಹಿಂದೆ ಹುಬ್ಬಳ್ಳಿ, ಗದಗ, ಧಾರವಾಡ ಸೀಮೆಯ ಹತ್ತಿ ಚಕ್ಕಡಿಯೊಳಗೆ ಸಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು. ಅಲ್ಲಿ ಹಡಗಿಗೆ ಹೇರಿ ಮುಂಬಯಿಗೆ. ನಮ್ಮ ಜವಾರಿ ಹತ್ತಿಗೆ ವ್ಯಾಪಾರಸ್ಥರು ಇಟ್ಟ ಹೆಸರೇ ಕುಮಟಾ ಹತ್ತಿ. ಬೆಳೆದದ್ದು ನಮ್ಮ ಎರಿ ಹೊಲದಾಗ, ಹೆಸರು ಮಾತ್ರ ಹೇರಿದ ಬಂದರದ್ದು. ರೈತನ ಹೆಸರು ಯಾವ ಕಾಲಕ್ಕೂ ಮಾಲಿನ ಮೇಲೆ ಬಂದಿಲ್ಲ, ಬಿಡ್ರಿ. 1861ರಿಂದ 65ರ ತನಕ ಅಮೇರಿಕಾದಾಗ ಅವರವರೇ ಯುದ್ಧ ಮಾಡಿದರು. ಅಲ್ಲಿಯ ಹತ್ತಿ ವಿಲಾಯತಿಗೆ ಹೋಗೋದು ನಿಂತಿತು, ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಆಗ ಇಂಗ್ಲಿಷರಿಗೆ ಈ ದಂಡಿಯ ಮ್ಯಾಲೆ ಕಣ್ಣು ಬಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದರು. ಹತ್ತಿ ಬೆಳೆಯುವ ನಾಡು, ಅದನ್ನ ಹೇರುವ ಬಂದರ ಎರಡೂ ಒಂದೇ ಸರಕಾರದ ಕೈಯಾಗ ಇರಲಿ ಅಂತ. ಸೊಲ್ಲಾಪುರ ಮೊದಲೇ ಮುಂಬಯಿ ಇಲಾಖೆಯೊಳಗ ಇತ್ತು. ಅಂದರೆ 1956ರ ತನಕ, 94 ವರ್ಷ, ಆ ದಂಡಿ ಮತ್ತು ನಮ್ಮೂರು ಒಂದೇ ರಾಜ್ಯದಾಗ ಇದ್ದವು. ಆಮೇಲೆ ಅವರು ಮೈಸೂರಿಗೆ ಹೋದರು, ನಾವು ಇಲ್ಲೇ ಉಳಿದೆವು.

ಇನ್ನು ರೈಲಿನ ಮಾತು. ಧಾತು ಈಶ್ವರ ಸಂವತ್ಸರದ ದೊಡ್ಡ ಬರ, ಅಂದರೆ 1876ರಿಂದ 78, ನಮ್ಮ ಸೀಮೆಯನ್ನು ತಿಂದು ಹಾಕಿತು. ಕಾಳು ಸಾಗಿಸಲಿಕ್ಕೆ ದಾರಿ ಇಲ್ಲದೆ ಸತ್ತವರು ಭಾಳ. ಅದರ ನಂತರ ಹೋಟಗಿಯಿಂದ ಬಿಜಾಪುರದ ಮೇಲೆ ಗದಗಕ್ಕೆ ಒಂದು ಮೀಟರ್ ಅಗಲದ ಸಣ್ಣ ಹಳಿ ಹಾಕಿದರು. 1884ರಲ್ಲಿ ಗಾಡಿ ಓಡಿತು. ಬರಕ್ಕೆ ಕಾಳು ತರಲಿ ಅಂತ ಹಾಕಿದ ಹಳಿ, ತಿರುಗಿ ಹೋಗುವಾಗ ಹತ್ತಿ ಒಯ್ಯತೊಡಗಿತು. 1888ರಲ್ಲಿ ಲೋಂಡಾದ ಮೇಲೆ ಗೋವೆಯ ಮಾರ್ಮಗೋವಾ ಬಂದರಕ್ಕೂ ರೈಲು ಮುಟ್ಟಿತು. ಹಿಂಗ ಎರಡೂ ಕಡೆಯಿಂದ ಎಳೆದಾಗ ದೇವಿಮನೆ ಘಟ್ಟ ಇಳಿಯುವ ಚಕ್ಕಡಿಗೆ ಏನು ಉಳೀತು? ಕುಮಟಾದ ಹತ್ತಿ ವ್ಯಾಪಾರ ಬಿದ್ದಿತು.

ನಮ್ಮ ಹೋಟಗಿಯೊಳಗ ಸಣ್ಣ ಹಳಿ ಮುಗಿದು ದೊಡ್ಡ ಹಳಿ ಸುರು. ಗದಗದಿಂದ ಬಂದ ಮಾಲು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಲೇಬೇಕು. ನಮ್ಮ ಮುತ್ಯಾ ಆ ಹಮಾಲಿ ಮಾಡಿದವ. ಹೊಲ ಸಣ್ಣದು, ಬ್ಯಾಸಿಗಿ ಬಂತಂದರೆ ಟೇಶನ್ನಿನಾಗ ಹತ್ತಿ ಬೇಲು ಹೊರುತ್ತಿದ್ದ. ಅವನ ಬಲಗಡೆ ಭುಜ ಇಳಿದಿತ್ತು. ಹಂತಿ ಪದದ ದಾಟಿ ನನಗೆ ಅವನೇ ಕಲಿಸಿದ್ದು, ಹೊರುವಾಗ ಉಸುರು ಹಿಡೀಲಿಕ್ಕೆ ಅದೇ ದಾಟಿ ಹಾಡುತ್ತಿದ್ದೆ ಅನ್ನುತ್ತಿದ್ದ. ಆ ಬೇಲು ಮೊದಲು ಯಾರ ಬೆನ್ನ ಮೇಲೆ ಇದ್ದವು ಅಂತ ಅವನಿಗೂ ಗೊತ್ತಿರಲಿಕ್ಕಿಲ್ಲ. ಕುಮಟಾದ ಯಾವನೋ ಹಮಾಲನ ಕೂಲಿ ನಮ್ಮ ಮನಿ ರೊಟ್ಟಿ ಆಗಿತ್ತು. ಇದು ತಪ್ಪು ಅಂತ ಹೇಳಲಾರೆ, ಬರ ಉಂಡವರಿಗೆ ಆ ರೈಲು ಬೇಕಾಗಿತ್ತು. ಆದರೆ ಆ ಮುದುಕರ ಎದುರು ಕೂತಾಗ ಇದು ಗೊತ್ತಿದ್ದಿದ್ದರೆ ಅವರಿಗೆ ಹೇಳುತ್ತಿದ್ದೆ.

ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. "ಹಂಗಾರ ಬಂದರ ನಡದಿದ್ರ ಅಲ್ಲಿ ನನಗ ನಿಂದರ್ಲಾಕ ಜಾಗಾನೇ ಸಿಗತಿದ್ದಿಲ್ಲ" ಅಂದಳು. ಅದೂ ಖರೆ.

ಈಗ ಹೋಟಗಿಯಾಗ ಸಣ್ಣ ಹಳಿ ಇಲ್ಲ, ಎಲ್ಲಾ ದೊಡ್ಡದೇ. ಮಾಲು ಇಳಿಸಿ ಏರಿಸುವ ಕೆಲಸವೂ ಹೋಯಿತು. ನಮ್ಮೂರವರು ಯಾರಾದರೂ ಕುಮಟಾಕ್ಕೆ ಹೋಗುವವರಿದ್ದರೆ ಮಳೆಗಾಲದಾಗ ಹೋಗಬ್ಯಾಡ್ರಿ, ಆಗ ಸಮುದ್ರ ಹೊಟ್ಟಿ ಕಿಚ್ಚಿನಂಗ ಇರತದಂತ. ಜೋಳದ ರಾಶಿ ಆದ ಮ್ಯಾಲೆ ಹೋಗ್ರಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಕುಡಿಯುವ ನೀರು ಕಟ್ಟಿಕೊಳ್ರಿ, ನಾವು ಕೂತ ಕಡೆ ಅಂಗಡಿ ಇರಲಿಲ್ಲ. ಬರುವಾಗ ಸಿರಸಿ ಬಸ್ಸು ಹಿಡೀರಿ, ಅದು ದೇವಿಮನೆ ಘಟ್ಟ ಏರಿ ಬರತದ. ನಾವೂ ಅದರಾಗೇ ಬಂದೆವು. ಮಕ್ಕಳು ಮಲಗಿದ್ದವು, ನಾನು ಕಿಡಕಿಯಿಂದ ಆ ತಿರುವು ನೋಡುತ್ತ ಕೂತಿದ್ದೆ, ಎತ್ತು ಕಟ್ಟಿಕೊಂಡು ಇದನ್ನ ಇಳಿಯೋದು ಹ್ಯಾಂಗ ಅಂತ.