ರೇಬೀಸ್ ಲಸಿಕೆ (ದನಕರುಗಳಿಗೆ)

ಹುಚ್ಚುನಾಯಿ ಕಡಿತದಿಂದ ದನಕರುಗಳಿಗೆ ತಗಲುವ ರೇಬೀಸ್ ರೋಗವನ್ನು ತಡೆಯುವ, ನಿಷ್ಕ್ರಿಯಗೊಳಿಸಿದ ವೈರಾಣುವಿನ ಚುಚ್ಚುಮದ್ದು. ದೇವಣಿ ತಳಿಯ ನೆಲೆಯಾದ ಬೀದರ ಜಿಲ್ಲೆಯಲ್ಲಿ, ಭಾಲ್ಕಿ ತಾಲ್ಲೂಕಿನ ಹಲಬರ್ಗಾದಂಥ ಊರುಗಳಲ್ಲಿ ಒಂದು ಎತ್ತು ಸತ್ತರೆ ಬಿತ್ತನೆಯೇ ನಿಲ್ಲಬಹುದು. ಆದ್ದರಿಂದ ಈ ಲಸಿಕೆ ರೈತನ ಬದುಕಿಗೆ ನೇರವಾಗಿ ಸಂಬಂಧಿಸಿದ್ದು.

ಕಾಲುಬಾಯಿ ಜ್ವರದ ಲಸಿಕೆಯಂತೆ ಇದನ್ನು ಎಲ್ಲ ದನಗಳಿಗೂ ಸಾಮೂಹಿಕವಾಗಿ ಹಾಕುವ ರೂಢಿಯಿಲ್ಲ. ಬಹುಮಟ್ಟಿಗೆ ಕಡಿತದ ನಂತರವೇ ಕೊಡಲಾಗುತ್ತದೆ. ಮೊದಲು ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಇದನ್ನು ಬಿಟ್ಟು ಅರಿಶಿನ, ಸುಣ್ಣ ಮೆತ್ತುವುದು ಅಪಾಯಕರ. ಮೊದಲ ಲಸಿಕೆ ಹಾಕಿದ ದಿನವನ್ನು 0 ಎಂದೆಣಿಸಿ 0, 3, 7, 14, 28ನೇ ದಿನಗಳಂದು ಲಸಿಕೆ ಹಾಕುತ್ತಾರೆ. ಗಾಯ ಮಾಯಿತೆಂದು ನಡುವೆ ನಿಲ್ಲಿಸಬಾರದು. ಮುಂಜಾಗ್ರತೆಗಾಗಿ ಕೊಡುವುದಾದರೆ ಮೂರು ತಿಂಗಳು ತುಂಬಿದ ಕರುವಿನಿಂದ ಆರಂಭಿಸಿ ಪ್ರತಿವರ್ಷ ಕೊಡಬಹುದು.

ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಜೊಲ್ಲು ಸುರಿಯುವುದು, ಮೇವು ಬಿಡುವುದು, ಕರ್ಕಶವಾಗಿ ಕೂಗುವುದು, ಹಿಂಗಾಲು ಸೋಲುವುದು ಇದರ ಲಕ್ಷಣಗಳು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯಿಗೆ ಬರಿಗೈ ಹಾಕುವವರು ಜೊಲ್ಲಿನ ಮೂಲಕ ತಾವೇ ಸೋಂಕಿಗೆ ಒಡ್ಡಿಕೊಳ್ಳುತ್ತಾರೆ. ಅಂಥವರು ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು. ಶಂಕಿತ ಹಸುವಿನ ಹಾಲನ್ನು ಬಳಸಬಾರದು.

ರೋಗ ಖಚಿತವಾಗುವುದು ಸತ್ತ ಪ್ರಾಣಿಯ ಮಿದುಳಿನ ಪರೀಕ್ಷೆಯಿಂದ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಬೀದರಿನಲ್ಲಿದ್ದರೂ, ಅದರ ರೇಬೀಸ್ ಪತ್ತೆ ಪ್ರಯೋಗಾಲಯವಿರುವುದು ಬೆಂಗಳೂರಿನ ಹೆಬ್ಬಾಳದಲ್ಲಿ. ದನದಿಂದ ದನಕ್ಕೆ ಈ ರೋಗ ಹರಡುವುದು ಅಪರೂಪ. ಸೋಂಕಿನ ಮೂಲ ಬಹುಮಟ್ಟಿಗೆ ನಾಯಿಯೇ ಆದ್ದರಿಂದ ಊರಿನ ನಾಯಿಗಳಿಗೆ ಲಸಿಕೆ ಹಾಕಿಸುವುದೇ ದನಗಳಿಗೆ ದೊಡ್ಡ ರಕ್ಷಣೆ.