ಹಂದಿಗೋಡಿನ ಕೀಲುನೋವು: ಒಂದು ಹುಡುಕಾಟದ ಚರಿತ್ರೆ

1957ರ ಮಾರ್ಚ್ ತಿಂಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದರು, ಕೆಲವರು ಮತ್ತೆ ಏಳಲಿಲ್ಲ. ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ದಿಗಿಲು ವೈದ್ಯಲೋಕದಲ್ಲಿ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಕಾಡಿಗೇ ಬಂದರು. ಸತ್ತ ಮಂಗಗಳಿಂದ, ಕಾಯಿಲೆಬಿದ್ದ ಮನುಷ್ಯರ ರಕ್ತದಿಂದ, ಕಾಡಿನ ಉಣುಗುಗಳಿಂದ ಮಾದರಿ ತೆಗೆದರು. ಅದೇ ವರ್ಷ ಹೊಸ ವೈರಸ್ ಸಿಕ್ಕಿತು. ರಷ್ಯಾದ ಕಾಡುಗಳಲ್ಲಿ ಮಿದುಳುಜ್ವರ ತರುವ ವೈರಸ್ಸಿಗೆ ಅದು ಬಳಗವೆಂದೂ ತಿಳಿಯಿತು. ಮಂಗನ ಕಾಯಿಲೆಯ ಕಾರಣ ಹುಡುಕಲು ವರ್ಷ ತುಂಬುವಷ್ಟು ಕಾಲವೂ ಬೇಕಾಗಲಿಲ್ಲ.

ಸೊರಬಕ್ಕೆ ಹೊಂದಿಕೊಂಡಿರುವ ಸಾಗರ ತಾಲ್ಲೂಕಿನ ಹಂದಿಗೋಡಿಗೆ ಆ ಅದೃಷ್ಟ ಇರಲಿಲ್ಲ. ಅಲ್ಲಿಯ ಕಾಯಿಲೆ ಯಾರನ್ನೂ ವಾರದೊಳಗೆ ಕೊಲ್ಲಲಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟಲಿಲ್ಲ, ಊರಾಚೆ ಯಾರಿಗೂ ಹೆದರಿಕೆ ಹುಟ್ಟಿಸಲಿಲ್ಲ. ಅದು ಸೊಂಟದಲ್ಲಿ, ಮೊಣಕಾಲಿನಲ್ಲಿ, ಬೆನ್ನಿನಲ್ಲಿ ಕೂತು ವರ್ಷಗಟ್ಟಲೆ ನೋಯಿಸಿತು. 1970ರ ದಶಕದ ನಡುಭಾಗದಲ್ಲಿ ಸರ್ಕಾರದ ಮತ್ತು ವೈದ್ಯರ ಗಮನಕ್ಕೆ ಬಂದ ಈ ಬೇನೆಗೆ ಎಲುಬಿನ ಮಟ್ಟದ ಖಚಿತ ವಿವರಣೆ ಅಚ್ಚಾಗಿದ್ದು 1994ರಲ್ಲಿ. ಅಷ್ಟರಲ್ಲಿ ಒಂದು ಇಡೀ ತಲೆಮಾರು ನಡಿಗೆ ಕಳೆದುಕೊಂಡಿತ್ತು.

ಕಾಯಿಲೆ ಹಿಡಿದದ್ದು ಬಹುಪಾಲು ಛಲವಾದಿ ಮತ್ತು ಚನ್ನಂಗಿ ಸಮುದಾಯದ ಕುಟುಂಬಗಳನ್ನು. ಶಿವಮೊಗ್ಗ ಜಿಲ್ಲೆಯಲ್ಲೂ ನೆರೆಯ ಚಿಕ್ಕಮಗಳೂರಿನ ಮಲೆನಾಡು ಭಾಗದಲ್ಲೂ ಇಂಥ ಮನೆಗಳಿದ್ದವು. ಇವರು ಗದ್ದೆ ಕೂಲಿಯ ಜನ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು, 1974ರಲ್ಲಿ ಭೂಸುಧಾರಣೆಯ ಕಾನೂನು ಜಾರಿಗೆ ಬಂತು. ಆದರೆ ಗೇಣಿಗೂ ಗದ್ದೆ ಇರದೆ ದಿನಗೂಲಿ ನೆಚ್ಚಿಕೊಂಡವರಿಗೆ ಆ ಕಾನೂನಿನಿಂದ ಸಿಕ್ಕಿದ್ದು ಕಡಿಮೆ. ಅವರ ಪಾಲಿನ ಆಸ್ತಿ ಎಂದರೆ ಗಟ್ಟಿ ಸೊಂಟ, ಗಟ್ಟಿ ಕಾಲು.

ಭತ್ತದ ನೆಟ್ಟಿಯ ಕೆಲಸ ಕಣ್ಣಮುಂದೆ ತಂದುಕೊಂಡರೆ ಈ ಮಾತು ಅರ್ಥವಾಗುತ್ತದೆ. ಹೊಯ್ಯುವ ಮಳೆಯಲ್ಲಿ ಗೊರಬು ಹೊದ್ದು, ಸೊಂಟವನ್ನು ಪೂರ್ತಿ ಬಗ್ಗಿಸಿ, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯಲ್ಲಿ ಎರಡು ಮೂರು ಸಸಿ ಊರುತ್ತ ಹಿಂದಕ್ಕೆ ಸರಿಯಬೇಕು. ಕೆಸರಿನಲ್ಲಿ ಹೂತ ಕಾಲನ್ನು ಒಂದೊಂದು ಹೆಜ್ಜೆಗೂ ಕಿತ್ತು ತೆಗೆಯಬೇಕು. ತೊಡೆಯ ಎಲುಬು ಸೊಂಟದ ಗೂಡಿಗೆ ಸೇರುವ ಜಾಗಕ್ಕೆ, ಅಂದರೆ ಚಪ್ಪೆ ಕೀಲಿಗೆ, ಇದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಹಂದಿಗೋಡಿನ ಕಾಯಿಲೆ ಮೊದಲು ಹಿಡಿಯುತ್ತಿದ್ದದ್ದು ಇದೇ ಕೀಲನ್ನು. ಕೂತರೆ ಏಳಲಾಗದು, ಎದ್ದರೆ ಹೆಜ್ಜೆ ಇಡಲಾಗದು. ನಡಿಗೆ ತೂರಾಡುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಮುಂದೆ ಕೋಲು ಬೇಕಾಗುತ್ತದೆ. ಬೇನೆ ಬಲಿತವರು ತೆವಳಿಕೊಂಡು ಓಡಾಡುವ ಸ್ಥಿತಿಗೆ ಬಂದರು. ಕೆಲವು ಮನೆಗಳ ಮಕ್ಕಳು ಎತ್ತರವೇ ಬೆಳೆಯಲಿಲ್ಲ.

ಮೊದಲು ವಿಷಯವನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ರಮೇಶ್ ಭಟ್. ಅವರು ಎಲ್ಲಿಂದ ಬಂದವರು ಎಂಬುದು ಈ ಕಥೆಗೆ ಮುಖ್ಯ. 1974ರ ಕೊನೆಗೆ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಕಾಮಾಲೆಯಾಗಿ ಹೊಟ್ಟೆಯಲ್ಲಿ ನೀರು ತುಂಬಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಮನೆಗಳ ಅನ್ನವನ್ನೇ ತಿಂದ ನಾಯಿಗಳೂ ಸತ್ತಿದ್ದವು. ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ವಿಷವೇ ಕಾರಣವೆಂದು ತೋರಿಸಿದ್ದು ಇವರ ತಂಡ. ಅದಕ್ಕೂ ಮುಂಚೆ, 1973ರಲ್ಲಿ, ಆಂಧ್ರದ ಫ್ಲೋರೈಡ್ ಸೀಮೆಯ ಹುಡುಗರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದನ್ನು ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ನೆಲ್ಲೂರು ಜಿಲ್ಲೆಯ ಜನರ ಬೆನ್ನು ಬಿಗಿದು ಕಲ್ಲಾಗುವುದಕ್ಕೆ ಬಾವಿ ನೀರಿನ ಫ್ಲೋರೈಡ್ ಕಾರಣವೆಂದು ಮದ್ರಾಸಿನ ವೈದ್ಯರು 1937ರಷ್ಟು ಹಿಂದೆಯೇ ತೋರಿಸಿದ್ದರು. ಹೀಗೆ ದಕ್ಷಿಣ ಭಾರತದಲ್ಲಿ ಎಲುಬಿನ ಕಾಯಿಲೆ ಕಂಡಲ್ಲೆಲ್ಲ ನೀರನ್ನೂ ಊಟವನ್ನೂ ಕೇಳುವ ಒಂದು ರೂಢಿ ಬೆಳೆದಿತ್ತು. ಒಳ್ಳೆಯ ರೂಢಿಯೇ. ಅದು ಎಷ್ಟೋ ಕಡೆ ನಿಜವನ್ನು ಹಿಡಿದುಕೊಟ್ಟಿತ್ತು.

ಹಂದಿಗೋಡಿನಲ್ಲಿ ಊಟದ ಪ್ರಶ್ನೆ ಏಡಿಯ ಬಳಿ ಬಂದು ನಿಂತಿತು.

ಮಳೆಗಾಲದ ಮಲೆನಾಡಿನಲ್ಲಿ ಬಡವರ ಮನೆಗೆ ದುಡ್ಡಿಲ್ಲದೆ ಸಿಗುವ ಮಾಂಸವೆಂದರೆ ಗದ್ದೆಯಂಚಿನ ಏಡಿ ಮತ್ತು ಹೊಸ ನೀರಿಗೆ ಏರಿಬರುವ ಹತ್ತುಮೀನು. ನೀರು ಇಳಿಯುವ ಕಂಡಿಗೆ ಕೂಣಿ ಒಡ್ಡಿದರೆ ಮೀನು, ಅಂಚಿನ ಮಾಟೆಗೆ ಕೈ ಹಾಕಿದರೆ ಏಡಿ. 1960ರ ದಶಕದ ಕೊನೆಯಿಂದ ಅದೇ ಗದ್ದೆಗಳಿಗೆ ಹೆಚ್ಚು ಇಳುವರಿಯ ಗಿಡ್ಡ ಭತ್ತದ ತಳಿಗಳು ಬಂದವು, ಅವುಗಳ ಬೆನ್ನಿಗೆ ಎಂಡ್ರಿನ್, ಪ್ಯಾರಾಥಿಯಾನ್‌ನಂಥ ಕಡುವಿಷದ ಔಷಧಿಗಳೂ ಬಂದವು. ಹೊಡೆದ ಔಷಧಿ ನೀರಿಗಿಳಿದು, ನೀರಿನಿಂದ ಏಡಿಗೆ, ಏಡಿಯಿಂದ ತಿಂದವರ ಎಲುಬಿಗೆ ಸೇರಿದೆ ಎಂಬ ವಾದ ಹುಟ್ಟಿತು. ಕಾಲ ಹೊಂದುತ್ತಿತ್ತು. ಕಾಯಿಲೆಬಿದ್ದವರು ಏಡಿ ತಿನ್ನುವ ಜನ ಎಂಬುದೂ ಹೊಂದುತ್ತಿತ್ತು. ಹಸಿರು ಕ್ರಾಂತಿಯ ದುಷ್ಫಲಗಳನ್ನು ಜನ ಆಗತಾನೇ ಮಾತಾಡತೊಡಗಿದ್ದ ದಿನಗಳವು. ಪರಿಸರದ ಬಗ್ಗೆ ಬರೆಯುವವರ ಪುಟಗಳಲ್ಲಿ ಹಂದಿಗೋಡು ಕೀಟನಾಶಕದ ಬಲಿಪಶುವಾಗಿ ನೆಲೆಯೂರಿತು. ಇಂದಿಗೂ ಹಲವರ ನೆನಪಿನಲ್ಲಿ ಅದು ಹಾಗೆಯೇ ಇದೆ.

ಆ ವಾದವನ್ನು ಹಗುರವಾಗಿ ಕಾಣುವುದು ತಪ್ಪು. ಎಂಡ್ರಿನ್ ಮನುಷ್ಯರಿಗೂ ಮೀನಿಗೂ ಮಾರಕವೇ, ಅದನ್ನು ಮುಂದೆ ದೇಶದಲ್ಲಿ ನಿಷೇಧಿಸಿದ್ದು ಸರಿಯಾಗಿಯೇ ಇತ್ತು. ಆದರೆ ಅದೇ ಗದ್ದೆಯ ಏಡಿ ತಿನ್ನುವವರು ಬೇರೆ ಜಾತಿಗಳಲ್ಲೂ ಇದ್ದರು. ಅವರ ಸೊಂಟ ಉಳಿದು ಇವರದು ಮಾತ್ರ ಏಕೆ ಸವೆಯಿತು? ಒಂದೇ ಊರಿನಲ್ಲಿ ಒಂದು ಮನೆಯಲ್ಲಿ ಮೂವರಿಗೆ ಬಂದು, ಅದೇ ಊಟ ಉಣ್ಣುವ ಪಕ್ಕದ ಮನೆಯಲ್ಲಿ ಒಬ್ಬರಿಗೂ ಬಾರದೇಕೆ? ಕೃಷ್ಣಮಾಚಾರಿ ಮತ್ತು ಭಟ್ ಇದನ್ನು ಗಮನಿಸದೆ ಬಿಡಲಿಲ್ಲ. 1977 ಮತ್ತು 1978ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಅವರು ಇದನ್ನು ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂದೇ ಕರೆದರು. ಊಟ ಹುಡುಕಿ ಹೊರಟವರು ಕುಟುಂಬವನ್ನು ಕಂಡು ಬಂದರು.

ಕುಟುಂಬ ಎಂದ ಕೂಡಲೇ ಮದುವೆಯ ಮೇಲೆ ಬೆರಳು ಬಿತ್ತು. ಹತ್ತಿರದ ಸಂಬಂಧದಲ್ಲೇ ಕೊಟ್ಟು ತರುವುದರಿಂದ ಹೀಗಾಯಿತು ಎಂಬ ಮಾತು ಹಬ್ಬಿತು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಕರ್ನಾಟಕದ ಎಷ್ಟೋ ಜಾತಿಗಳಲ್ಲಿ ಇರುವ ಪದ್ಧತಿ, ದೋಷ ಮಾತ್ರ ಈ ಎರಡು ಸಮುದಾಯಗಳ ತಲೆಗೆ ಬಂತು. ಮೊದಲು ತಟ್ಟೆಯಲ್ಲಿದ್ದ ಏಡಿ, ಆಮೇಲೆ ಮನೆಯ ಸಂಬಂಧ: ಬಡವರ ಕಾಯಿಲೆಗೆ ಕಾರಣ ಹುಡುಕುವಾಗ ಹುಡುಕುವವರ ಕಣ್ಣು ಅವರ ಬದುಕಿನ ರೀತಿಯ ಮೇಲೆಯೇ ಮೊದಲು ಬೀಳುತ್ತದೆ. ಈ ಹಳ್ಳಿಗಳ ಜನ ನೋವಿನ ಜೊತೆಗೆ ಆ ನೋಟವನ್ನೂ ಸಹಿಸಬೇಕಾಯಿತು. ಹಂದಿಗೋಡು ಎಂಬ ಹೆಸರೇ ಕಾಯಿಲೆಯ ಹೆಸರಾದ ಮೇಲೆ ಆ ಊರಿನ ಮಕ್ಕಳಿಗೆ ಸಂಬಂಧ ಕೂಡಿಸುವುದು ಇನ್ನೂ ಕಷ್ಟವಾಯಿತು. ಹೊಸ ಕಾಯಿಲೆಗಳಿಗೆ ಊರಿನ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಮಂಗನ ಕಾಯಿಲೆಗೆ ತನ್ನ ಹೆಸರು ಅಂಟಿದ ಕ್ಯಾಸನೂರಿಗೂ ಹಂದಿಗೋಡಿಗೂ ಅದು ಬಹಳ ತಡವಾಗಿತ್ತು.

ಮುಂದಿನ ದೊಡ್ಡ ಹೆಜ್ಜೆ ಎಕ್ಸ್‌ರೇಯಿಂದ ಬಂತು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ತಳಿವೈದ್ಯ ಎಸ್.ಎಸ್. ಅಗರ್‌ವಾಲ್, ಶುಭಾ ಫಡ್ಕೆ ಮತ್ತಿತರರು, ಅವರ ಜೊತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಕ್ಸೇನಾ, ಫ್ಲೋರೈಡ್ ಕಾಯಿಲೆಯ ಪರಿಣತ ತೇವಟಿಯಾ, ಎಲ್ಲರೂ ಸೇರಿ ಈ ಕುಟುಂಬಗಳ ಎಲುಬುಗಳನ್ನು ಒಂದೊಂದಾಗಿ ನೋಡಿದರು. ಆ ಚಿತ್ರಗಳಲ್ಲಿ ಏನು ಕಾಣುತ್ತದೆ? ಆರೋಗ್ಯವಂತರ ತೊಡೆ ಎಲುಬಿನ ತಲೆ ದುಂಡಗಿದ್ದು ಸೊಂಟದ ಗೂಡಿನಲ್ಲಿ ನುಣ್ಣಗೆ ಹೊರಳುತ್ತದೆ. ಎರಡರ ನಡುವೆ ಮೃದ್ವಸ್ಥಿಯ ತೆರವು ಕಪ್ಪು ಗೆರೆಯಾಗಿ ಕಾಣುತ್ತದೆ. ಇವರಲ್ಲಿ ಆ ದುಂಡುತಲೆ ಚಪ್ಪಟೆಯಾಗಿರುತ್ತದೆ, ಕಪ್ಪು ಗೆರೆ ಕಿರಿದಾಗುತ್ತ ಹೋಗಿ ಎಲುಬಿಗೆ ಎಲುಬು ತಾಗುತ್ತದೆ. ಕೆಲವರ ಬೆನ್ನುಮೂಳೆಯ ಮಣಿಗಳೂ ತಗ್ಗಿರುತ್ತವೆ. ಕುಳ್ಳಗೆ ಉಳಿದವರಲ್ಲಿ ಎಲುಬಿನ ತುದಿಯ ಬೆಳವಣಿಗೆಯ ಭಾಗವೇ ಸರಿಯಾಗಿ ರೂಪುಗೊಂಡಿರುವುದಿಲ್ಲ.

1994ರಲ್ಲಿ ‘ಸ್ಕೆಲಿಟಲ್ ರೇಡಿಯಾಲಜಿ’ ಪತ್ರಿಕೆಯಲ್ಲಿ ಬಂದ ಆ ಲೇಖನ ಕಾಯಿಲೆಯನ್ನು ಮೂರು ಬಗೆಯಾಗಿ ವಿಂಗಡಿಸಿತು. ಎತ್ತರ ಸರಿಯಾಗಿದ್ದು ಕೀಲು ಸವೆಯುವವರು, ಸ್ವಲ್ಪ ಗಿಡ್ಡವಾಗಿ ಬೆನ್ನೂ ಕೆಟ್ಟವರು, ತೀರ ಕುಳ್ಳಗೆ ಉಳಿಯುವವರು. ಹಿಂದೆ ಬೇರೆ ಬೇರೆ ಕಾಯಿಲೆಯಂತೆ ಕಂಡಿದ್ದ ಮೂರೂ ಒಂದೇ ಬೇರಿನವು. ಸ್ಪಾಂಡಿಲೋ ಎಪಿ ಮೆಟಾಫೈಸಿಯಲ್ ಡಿಸ್‌ಪ್ಲೇಸಿಯಾ ಎಂಬ ಎಲುಬಿನ ಬೆಳವಣಿಗೆಯ ದೋಷಗಳ ಗುಂಪಿನಲ್ಲಿ ಇದು ಹೊಸದೊಂದು ಬಗೆ ಎಂದು ಅವರು ಹೇಳಿದರು. ವಾತವೆಂದು ಎಣ್ಣೆ ತಿಕ್ಕಿಸಿಕೊಂಡು, ನೋವಿನ ಗುಳಿಗೆ ನುಂಗಿ ದಿನ ದೂಡಿದವರ ಕೀಲು ವಾಸ್ತವದಲ್ಲಿ ಎಳವೆಯಲ್ಲೇ ದೋಷ ಹೊತ್ತು ಬೆಳೆದಿತ್ತು.

ವಂಶಾವಳಿ ಬರೆದಾಗ ಇನ್ನೊಂದು ಸಂಗತಿ ತಿಳಿಯಿತು. ಕಾಯಿಲೆ ತಲೆಮಾರು ಬಿಟ್ಟು ತಲೆಮಾರಿಗೆ ಹಾರದೆ, ಅಪ್ಪನಿಂದಲೋ ಅಮ್ಮನಿಂದಲೋ ಮಕ್ಕಳಿಗೆ ನೇರವಾಗಿ ಇಳಿಯುತ್ತಿತ್ತು, ಗಂಡು ಹೆಣ್ಣೆಂಬ ಭೇದವಿಲ್ಲದೆ. ತಳಿವಿಜ್ಞಾನದಲ್ಲಿ ಇದಕ್ಕೆ ಪ್ರಬಲ ಆನುವಂಶಿಕತೆ ಎನ್ನುತ್ತಾರೆ. ತಂದೆ ತಾಯಿಯರಲ್ಲಿ ಒಬ್ಬರಿಂದ ದೋಷದ ಜೀನು ಬಂದರೂ ಸಾಕು. ಸೋದರ ಸಂಬಂಧದ ಮದುವೆ ಅಪಾಯ ತರುವುದು ಮುಖ್ಯವಾಗಿ ಇಬ್ಬರಿಂದಲೂ ದೋಷ ಬರಬೇಕಾದ ಕಾಯಿಲೆಗಳಲ್ಲಿ. ಹಂದಿಗೋಡಿನ ಕಾಯಿಲೆ ಇಳಿಯಲು ಗಂಡ ಹೆಂಡಿರು ಹತ್ತಿರದ ನೆಂಟರಾಗಿರಬೇಕೆಂದೇನೂ ಇಲ್ಲ. ಜಾತಿಯೊಳಗೇ ಮದುವೆಯಾಗುವುದರಿಂದ ಅದು ಆ ಸಮುದಾಯಗಳಲ್ಲೇ ಉಳಿಯಿತು, ಅಷ್ಟೆ. ಜಾತಿಯೊಳಗಿನ ಮದುವೆ ಈ ನಾಡಿನಲ್ಲಿ ಯಾರು ಬಿಟ್ಟಿದ್ದಾರೆ? ಆ ಮನೆಗಳ ಹಿರಿಯರ ಮೇಲೆ ಹೊರಿಸಿದ್ದ ದೋಷಕ್ಕೆ ವಿಜ್ಞಾನದ ಆಧಾರ ಇರಲಿಲ್ಲ ಎಂದು ಹಳ್ಳಿ ಹಳ್ಳಿಗೆ ಹೋಗಿ ಹೇಳಬೇಕಿತ್ತು. ಏಡಿಯ ಸುದ್ದಿ ಹಬ್ಬಿದಷ್ಟು ಈ ಸುದ್ದಿ ಹಬ್ಬಲಿಲ್ಲ.

ಹುಡುಕಾಟ ಸಮುದ್ರದಾಚೆಗೂ ಹೋಯಿತು. ದಕ್ಷಿಣ ಆಫ್ರಿಕಾದ ಜುಲು ನಾಡಿನ ಉತ್ತರ ಭಾಗದಲ್ಲಿ ಮ್ಸೆಲೆನಿ ಎಂಬ ಊರಿದೆ. ಅಲ್ಲಿಯ ಹಳ್ಳಿಗರ ಚಪ್ಪೆ ಕೀಲುಗಳು ಹರೆಯದಲ್ಲೇ ಸವೆಯುತ್ತಿವೆ ಎಂದು 1970ರಲ್ಲಿ ‘ಲ್ಯಾನ್ಸೆಟ್’ನಲ್ಲಿ ವರದಿ ಬಂದಿತ್ತು. ಅಲ್ಲೂ ಬಡ ಕೃಷಿಕರು, ಅಲ್ಲೂ ಒಂದೇ ಸೀಮೆಯ ಕೆಲವು ಕುಟುಂಬಗಳು. 1997ರಲ್ಲಿ ಅಗರ್‌ವಾಲ್ ಮತ್ತು ಫಡ್ಕೆ, ಮ್ಸೆಲೆನಿಯ ವೈದ್ಯ ವಿಕ್ಟರ್ ಫ್ರೆಡ್ಲುಂಡ್, ಕೇಪ್‌ಟೌನಿನ ತಳಿತಜ್ಞ ಪೀಟರ್ ಬೀಟನ್ ಮುಂತಾದವರೊಡನೆ ಎರಡೂ ಕಡೆಯ ರೋಗಿಗಳನ್ನು ಹೋಲಿಸಿ, ಇವು ಒಂದೇ ಕಾಯಿಲೆಯೇ ಎಂಬ ಪ್ರಶ್ನೆ ಎತ್ತಿ ಬರೆದರು. ಮಲೆನಾಡಿನ ಕೂಲಿಗಳ ನೋವೂ ಮ್ಸೆಲೆನಿಯ ಹಳ್ಳಿಗರ ನೋವೂ ಒಂದೇ ಲೇಖನದೊಳಗೆ ಬಂದವು. ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಕುಟುಂಬಗಳ ರಕ್ತದ ಮೆಗ್ನೀಸಿಯಂ ಮತ್ತು ತಾಮ್ರವನ್ನು ಹೊತ್ತೊಯ್ಯುವ ಪ್ರೋಟೀನನ್ನು ಅಳೆದು ನೋಡಲಾಯಿತು.

ಕಾಯಿಲೆ ಏನೆಂದು ತಿಳಿದದ್ದರಿಂದ ರೋಗಿಗಳಿಗೆ ಆದ ಲಾಭವೂ ಇದೆ, ಆಗಬೇಕಾದದ್ದೂ ಇದೆ. ಬೆಳವಣಿಗೆಯಲ್ಲೇ ಕೆಟ್ಟ ಕೀಲನ್ನು ಮಾತ್ರೆ ಸರಿಮಾಡದು. ನೋವು ಇಳಿಸಬಹುದು, ವ್ಯಾಯಾಮದಿಂದ ಸ್ನಾಯುಗಳನ್ನು ಗಟ್ಟಿ ಇಟ್ಟುಕೊಳ್ಳಬಹುದು, ತೀರ ಸವೆದ ಚಪ್ಪೆಯನ್ನು ಶಸ್ತ್ರಚಿಕಿತ್ಸೆಯಿಂದ ಬದಲಾಯಿಸಬಹುದು. ಕೃತಕ ಚಪ್ಪೆ ಹಾಕಿಸಿಕೊಂಡವರಿಗೆ ಕುಕ್ಕರಗಾಲಲ್ಲಿ ಕೂರಬೇಡಿ, ಚಕ್ಕಳಮಕ್ಕಳ ಹಾಕಬೇಡಿ, ಭಾರ ಹೊರಬೇಡಿ ಎಂದು ಹೇಳಿ ಕಳಿಸುವುದು ರೂಢಿ. ನೆಲದ ಮೇಲೆ ಉಂಡು, ಕುಕ್ಕರಗಾಲಲ್ಲಿ ಶೌಚಕ್ಕೆ ಕೂತು, ಕೆಸರಿನಲ್ಲಿ ಬಗ್ಗಿ ದುಡಿಯುವ ಮನೆಗೆ ಇದು ಬರಿಯ ವೈದ್ಯಕೀಯ ಸಲಹೆಯಾಗಿ ಉಳಿಯುವುದಿಲ್ಲ. ಕೂತು ಬಳಸುವ ಕಮೋಡು, ಎತ್ತರದ ಮಂಚ, ಗದ್ದೆಯ ಹೊರಗೆ ಕೂತು ಮಾಡಬಲ್ಲ ಒಂದು ಕೆಲಸ, ಇವೂ ಚಿಕಿತ್ಸೆಯ ಭಾಗವಾಗಬೇಕು. ಕಾಯಿಲೆಯಿರುವ ತಂದೆಗೋ ತಾಯಿಗೋ ಹುಟ್ಟುವ ಪ್ರತಿ ಮಗುವಿಗೂ ಅದು ಇಳಿಯುವ ಸಂಭವ ಎರಡರಲ್ಲಿ ಒಂದು. ಇದನ್ನು ಮದುವೆಗೆ ಮುಂಚೆ, ಹೆರಿಗೆಗೆ ಮುಂಚೆ ಸಮಾಧಾನದಿಂದ ಕೂರಿಸಿ, ಅವರ ಮಾತಿನಲ್ಲೇ ವಿವರಿಸುವ ತಳಿ ಸಲಹೆಗಾರರು ಸಾಗರದಂಥ ತಾಲ್ಲೂಕು ಆಸ್ಪತ್ರೆಗಳಿಗೂ ಬೇಕು.