ಜಪಾನಿನಿಂದ ಬಂದ ರೇಷ್ಮೆ ಸಂಸಾರ

ರೈತ ಮಿತ್ರರೇ, ಹುಳದ ಮನೆ ಇರೋರು ಇವತ್ತಿನ ಬರಹ ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ.

ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿದ್ದಾಗ ಬಂಗಾಳಕ್ಕೆ ಜನ ಕಳಿಸಿ ರೇಷ್ಮೆ ಹುಳ ತರಿಸಿದ ಅಂತ ಎಲ್ಲರೂ ಕೇಳಿದ್ದೀವಿ. ಅದಾಗಿ ನೂರು ವರ್ಷಕ್ಕೆ ಇದೇ ಕಸುಬು ಕಲಿಸೋಕೆ ಜಪಾನಿನಿಂದ ಗಂಡ ಹೆಂಡತಿ ಇಬ್ಬರು ನಮ್ಮ ಮೈಸೂರು ಸೀಮೆಗೆ ಬಂದು ನೆಲೆಸಿದ್ದರು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಅಷ್ಟೊತ್ತಿಗೆ ಇಲ್ಲಿ ಹುಳಕ್ಕೆ ರೋಗ ಬಿದ್ದು ಕಸುಬು ಸೊರಗಿತ್ತು. ಜಮ್‌ಶೆಟ್‌ಜಿ ಟಾಟಾ 1893ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ರೇಷ್ಮೆ ಕೆಲಸ ನೋಡಿ ಬಂದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸರ್ಕಾರದ ನೆರವು ಪಡೆದು ಬೆಂಗಳೂರಿನ ಬಸವನಗುಡಿ ಹತ್ತಿರ ರೇಷ್ಮೆ ಫಾರಂ ಮಾಡಿದರು. ಅದನ್ನ ನೋಡಿಕೊಳ್ಳೋಕೆ ಬಂದವರೇ ಓಡ್ಜು ದಂಪತಿ. ಕಡ್ಡಿ ನೆಡೋದರಿಂದ ಹಿಡಿದು ಹುಳ ಸಾಕೋದು, ರೋಗ ತಡೆಯೋದು, ನೂಲು ತೆಗೆಯೋದು, ಎಲ್ಲಾನೂ ಜಪಾನಿನ ಪದ್ಧತಿಯಲ್ಲಿ ನಮ್ಮ ಹುಡುಗರಿಗೆ ಅಲ್ಲಿ ಕಲಿಸಿದರು.

ಒಂದು ವಿಷಯ ಯೋಚನೆ ಮಾಡಿ. ಜಪಾನಿನ ತಳಿ ಚಳಿಗಾಲ ಪೂರ್ತಿ ಮೊಟ್ಟೆಯಲ್ಲೇ ಮಲಗುತ್ತೆ. ನಮ್ಮ ಮೈಸೂರು ತಳಿಗೆ ಆ ವಿಶ್ರಾಂತಿ ಇಲ್ಲ. ವರ್ಷಕ್ಕೆ ಐದಾರು ಬೆಳೆ, ಒಂದರ ಹಿಂದೆ ಒಂದು. ಹಳೇ ಬೆಳೆ ರೋಗ ಹೊಸ ಬೆಳೆಗೆ ದಾಟೋಕೆ ಹೊತ್ತೇ ಬೇಡ. ಗಂಟು ರೋಗವಂತೂ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿಯುತ್ತೆ. ಸೊಪ್ಪು ಬೇರೆ, ಹವಾ ಬೇರೆ, ಹುಳದ ಗುಣವೇ ಬೇರೆ. ಕಲಿಸೋಕೆ ಬಂದವರು ಮೊದಲು ಈ ನೆಲಾನ ಕಲೀಬೇಕಿತ್ತು.

ಗಂಟು ರೋಗಕ್ಕೆ ದಾರಿ ಕಂಡುಹಿಡಿದದ್ದು ಫ್ರಾನ್ಸಿನ ಲೂಯಿ ಪಾಶ್ಚರ್, 1860ರ ದಶಕದಲ್ಲಿ. ಮೊಟ್ಟೆ ಇಟ್ಟ ಚಿಟ್ಟೇನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡೋದು, ರೋಗ ಕಂಡರೆ ಆ ಮೊಟ್ಟೆ ಸುಟ್ಟುಹಾಕೋದು. ಅಷ್ಟೇ. ಇವತ್ತಿಗೂ ಬಿತ್ತನೆ ಕೋಠಿಯಲ್ಲಿ ಮಾಡೋದು ಇದನ್ನೇ.

1910ರಲ್ಲಿ ಫಾರಂ ಸಾಲ್ವೇಶನ್ ಆರ್ಮಿಯವರ ಕೈಗೆ ಹೋಯ್ತು. ಆ ಜಾಗಕ್ಕೆ ಈಗಲೂ ಟಾಟಾ ಸಿಲ್ಕ್ ಫಾರಂ ಅಂತಾನೇ ಹೆಸರು. ದುಡ್ಡು ಹಾಕಿದವರ ಹೆಸರು ಉಳೀತು, ಹುಳದ ಜೊತೆ ರಾತ್ರಿ ಹಗಲು ಇದ್ದವರ ಹೆಸರು ಯಾವ ಬೋರ್ಡಿನಲ್ಲೂ ಬರಲಿಲ್ಲ. ಅದು ರೈತರಿಗೆ ಹೊಸದೇನಲ್ಲ ಬಿಡಿ.

ಆದರೆ ಜಪಾನಿನ ನಂಟು ಅಲ್ಲಿಗೆ ಮುಗೀಲಿಲ್ಲ. 1991ರಿಂದ ಜಪಾನಿನ ಜೈಕಾ ಸಂಸ್ಥೆಯವರು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಜೊತೆ ಸೇರಿ ಕೆಲಸ ಮಾಡಿದರು. ಸಿಎಸ್ಆರ್-2, ಸಿಎಸ್ಆರ್-4 ತಳಿ ಬಂದದ್ದು ಆಗಲೇ. ಇವತ್ತು ರಾಮನಗರದ ಮಾರ್ಕೆಟ್ಟಿಗೆ ನಾವು ತಗೊಂಡು ಹೋಗೋ ಬಿಳಿ ಗೂಡಿನ ಹಿಂದೆ ಈ ಕೆಲಸ ಇದೆ.

ಹಂಗಾಗಿ ಪಾಂಡವಪುರ, ಕೆ.ಆರ್. ಪೇಟೆ ಕಡೆ ಹೊಸದಾಗಿ ಕಡ್ಡಿ ನೆಟ್ಟಿರೋ ತಮ್ಮಂದಿರಿಗೆ ಒಂದು ಮಾತು. ಅಗ್ಗಕ್ಕೆ ಸಿಗುತ್ತೆ ಅಂತ ಪರೀಕ್ಷೆ ಆಗದ ಮೊಟ್ಟೆ ತರಬೇಡಿ. ಕಡಲು ದಾಟಿ ಬಂದು ಕಲಿಸಿಕೊಟ್ಟ ಕಸುಬು ಇದು. ನಾಲ್ಕು ಕಾಸು ಉಳಿಸೋಕೆ ಹೋದರೆ ನಾಲ್ಕನೇ ಜ್ವರ ಎದ್ದ ಮೇಲೆ ಇಡೀ ಬೆಳೆ ತಿಪ್ಪೆಗೆ ಸುರೀಬೇಕಾಗುತ್ತೆ.